ಅಳಿಯನ ಜಪಾನಿ ಕತ್ತಿ

ಅಳಿಯಾ, ಮಣಿಪಾಲದ ನಿನ್ನ ರೂಮಿಗೆ ಜಪಾನಿನ ಗಿಡ್ಡ ಕತ್ತಿಯೊಂದು ಬಂದು ಕೂತಿದೆಯೆಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಅವಳ ಸ್ವರದಲ್ಲಿ ಅರ್ಧ ಸಿಟ್ಟು, ಅರ್ಧ ಹೆದರಿಕೆ. ನನಗೆ ಎರಡೂ ಇಲ್ಲ. ಚಂದದ ವಸ್ತುವಿಗೆ ಆಸೆಪಡುವ ವಯಸ್ಸು ನಿನ್ನದು, ದುಡ್ಡೂ ನಿನ್ನದೇ. ತಂದದ್ದಾಯಿತು, ಇನ್ನು ಅದನ್ನು ಹೇಗೆ ಇಟ್ಟುಕೊಳ್ಳುತ್ತಿ ಎನ್ನುವುದಷ್ಟೇ ನನ್ನ ತಲೆಬಿಸಿ.

ಮೊದಲು ಅದರ ಜಾತಕ ತಿಳಿದುಕೊ. ಜಪಾನಿನವರು ಕತ್ತಿಗೆ ಹೆಸರಿಡುವುದು ಅಲಗಿನ ಉದ್ದ ನೋಡಿ. ಅವರ ಹಳೆಯ ಅಳತೆ ಶಾಕು, ಅಂದರೆ ಸುಮಾರು 30 ಸೆಂ.ಮೀ. ಅಷ್ಟರೊಳಗಿದ್ದರೆ ತಾಂತೊ, ಒಂದರಿಂದ ಎರಡು ಶಾಕುವಿನದು ವಾಕಿಜಾಶಿ, ಅದಕ್ಕೂ ಮೇಲಿನದು ಕತಾನಾ. ಒಂದು ಕಾಲದಲ್ಲಿ ಸಮುರಾಯಿಗಳ ಸೊಂಟದಲ್ಲಿ ಉದ್ದದ್ದೂ ಗಿಡ್ಡದ್ದೂ ಜೋಡಿಯಾಗಿ ಇರುತ್ತಿದ್ದವು. 1876ರಲ್ಲಿ ಅಲ್ಲಿನ ಸರಕಾರವೇ ಕತ್ತಿ ಕಟ್ಟಿಕೊಂಡು ಬೀದಿಯಲ್ಲಿ ತಿರುಗುವುದಕ್ಕೆ ತಡೆ ಹಾಕಿತು. ಸೈನಿಕರು, ಪೊಲೀಸರಂಥವರಿಗೆ ವಿನಾಯಿತಿ ಇತ್ತು. ಇವತ್ತಿಗೂ ಅಲ್ಲಿ ಹಳೆಯ ಕತ್ತಿ ಮನೆಯಲ್ಲಿಡಲು ನೋಂದಣಿ ಪತ್ರ ಬೇಕು, ಹೊರದೇಶಕ್ಕೆ ಕಳಿಸಲು ಬೇರೆಯೇ ಅನುಮತಿ ಬೇಕು. ಹಾಗಾಗಿ ಮೊಬೈಲಿನಲ್ಲಿ ಒತ್ತಿದರೆ ಮನೆಬಾಗಿಲಿಗೆ ಬರುವ ‘ಅಸಲಿ ಸಮುರಾಯಿ’ಯನ್ನು ನಂಬಬೇಡ ಮಾರಾಯ.

ನಂಬಿಕೆ ಬಾರದಿದ್ದರೆ ಹಿಡಿಯನ್ನು ನೋಡು. ನೂಲಿನ ಪಟ್ಟಿ ಸುತ್ತಿ, ನಡುವೆ ಸಣ್ಣ ಸಣ್ಣ ಕಿಟಕಿಗಳನ್ನು ಬಿಟ್ಟಿದ್ದಾರಲ್ಲ? ಅಸಲಿಯಲ್ಲಿ ಆ ಕಿಟಕಿಯೊಳಗೆ ಕಾಣುವುದು ತೊರಕೆ ಮೀನಿನ ಒರಟು ಚರ್ಮ, ಮಲ್ಪೆಯ ದಕ್ಕೆಯಲ್ಲಿ ನೀನು ಕಂಡ ತೊರಕೆಯ ಬಳಗದ್ದೇ. ನಿನ್ನದರಲ್ಲಿರುವುದು ಪ್ಲಾಸ್ಟಿಕ್ಕು. ಅಸಲಿ ಕತ್ತಿಯ ಅಲಗು ಹಿಡಿಯೊಳಗೂ ಉದ್ದಕ್ಕೆ ಹೋಗಿ, ಒಂದು ಬಿದಿರಿನ ಗೂಟದ ಮೇಲೆ ನಿಂತಿರುತ್ತದೆ. ಷೋಕೇಸಿನದಕ್ಕೆ ಸಾಮಾನ್ಯವಾಗಿ ಅಲಗಿನ ಬುಡಕ್ಕೆ ಒಂದು ಸಪೂರ ಸರಳು ಬೆಸೆದು, ತುದಿಗೆ ನಟ್ಟು ಬಿಗಿದಿರುತ್ತಾರೆ. ಜೋರಾಗಿ ಬೀಸಿದರೆ ಬೆಸುಗೆಯಲ್ಲೇ ತುಂಡಾಗಿ ಅಲಗು ಹಾರುತ್ತದೆ, ಎದುರು ಯಾರಿದ್ದಾರೆ ಎಂದು ಅದು ನೋಡುವುದಿಲ್ಲ. ಬಾಯಿ ಮೊಂಡು ಎಂದು ಧೈರ್ಯ ಬೇಡ, ಮೊನೆ ಮೊಂಡಲ್ಲ. ಗೆಳೆಯರು ಬಂದಾಗ ಬೀಸಿ ತೋರಿಸುವ ಹುಕಿ ಬಂತೋ, ಪೆಟ್ಟಿಗೆಗೆ ಬೀಗ ಹಾಕಿ ಚಾ ಕುಡಿಯಲು ಹೊರಗೆ ಹೋಗಿ.

ಒರೆಯಿಂದ ತೆಗೆಯುವಾಗಲೂ ಜಾಗ್ರತೆ. ಒರೆಯನ್ನು ಮುಷ್ಟಿಯಲ್ಲಿ ಸುತ್ತ ಹಿಡಿಯಬೇಡ. ಬೆನ್ನಿನ ಕಡೆಯಿಂದ ಹಿಡಿ, ಬೆರಳು ಬಾಯಿಯ ಕಡೆಗೆ ಬರಕೂಡದು. ನಮ್ಮ ಆಟಿ ತಿಂಗಳ ಮಳೆಯಲ್ಲಿ ಮರದ ಒರೆ ಉಬ್ಬಿ ಕತ್ತಿಯನ್ನು ಕಚ್ಚಿಕೊಳ್ಳುತ್ತದೆ. ಆಗ ಎಳೆದಾಡಿ ಒಮ್ಮೆಲೇ ಬಿಟ್ಟುಬಂದರೆ ಕೈಗೆ ಹೊಲಿಗೆ ಗ್ಯಾರಂಟಿ.

ಮಳೆಯ ಮಾತು ಬಂತಲ್ಲ, ವರ್ಷಕ್ಕೆ 4000 ಮಿ.ಮೀ. ದಾಟುವ ಜಿಲ್ಲೆ ನಮ್ಮದು. ಕಾಪುವಿನ ನಮ್ಮ ಮನೆಯಲ್ಲಂತೂ ಸಮುದ್ರದ ಉಪ್ಪುಗಾಳಿಗೆ ಕಿಟಕಿಯ ಸರಳೇ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕಿಲ್ಲ ಎಂಬುದು ಅಂಗಡಿಯವರ ಮಾತು. ಇಲ್ಲಿ ಅದಕ್ಕೂ ಸಾಸಿವೆ ಕಾಳಿನಷ್ಟು ಕಂದು ಚುಕ್ಕಿ ಏಳುತ್ತದೆ. ಪಡುಗೋಡೆಗೆ ತಾಗಿಸಿ ಇಡಬೇಡ. ಬೆರಳಿನಿಂದ ಅಲಗು ಮುಟ್ಟಿದರೆ ಬೆವರು ಒರೆಸಿಯೇ ಇಡು. ಜಪಾನಿನಲ್ಲಿ ಲವಂಗದ ಪರಿಮಳದ ಎಣ್ಣೆ ಸವರುತ್ತಾರೆ, ನಿನಗೆ ಹೊಲಿಗೆ ಯಂತ್ರದ ಎಣ್ಣೆ ಸಾಕು, ಹತ್ತಿಯಲ್ಲಿ ತೆಳ್ಳಗೆ. ಅಮ್ಮ ತೆಂಗಿನೆಣ್ಣೆ ಕೊಟ್ಟಾಳು, ಬೇಡ ಅನ್ನು. ಅದು ಅಂಟಾಗಿ, ಧೂಳು ಹಿಡಿದು ಕನರು ವಾಸನೆ ಬರುತ್ತದೆ. ಮಳೆಗಾಲದಲ್ಲಿ ಒರೆ ಬೇರೆ, ಕತ್ತಿ ಬೇರೆ ಇಟ್ಟರೂ ನಷ್ಟವಿಲ್ಲ, ಗಾಜಿನ ಪೆಟ್ಟಿಗೆಗೆ ಬೀಗ ಇದ್ದರೆ.

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳ ಪಟ್ಟಿಯಲ್ಲಿ ಖಡ್ಗ, ಕಠಾರಿಗಳ ಜೊತೆಗೆ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚೂರಿಯೂ ಇದೆ. ಮನೆಗೆಲಸ, ಕೃಷಿ, ಕೈಗಾರಿಕೆಯವನ್ನು ಬಿಟ್ಟಿದ್ದಾರೆ. ಆದ್ದರಿಂದ ಅಮ್ಮನ ಮೆಟ್ಟುಕತ್ತಿಗೆ ತೊಂದರೆಯಿಲ್ಲ, ನಿನ್ನದನ್ನು ಮಾತ್ರ ಟೇಪು ಹಿಡಿದು ಅಳೆ. ಬಿಲ್ಲು ಜೋಪಾನ. ಸಾಣೆ ಹಿಡಿಸುವ ಯೋಚನೆಯೇ ಬೇಡ, ಹಿಡಿಸಿದ ದಿನದಿಂದ ಅದು ಅಲಂಕಾರದ್ದು ಎಂದು ಹೇಳುವ ಬಾಯಿ ನಿನಗಿರುವುದಿಲ್ಲ. ಕಾರ್ಕಳದ ಚಿಕ್ಕಮ್ಮನ ಮಗನ ಹುಟ್ಟುಹಬ್ಬಕ್ಕೆ ಒಯ್ದು ಅದರಲ್ಲೇ ಕೇಕ್ ಕತ್ತರಿಸಿ ರೀಲ್ಸ್ ಮಾಡುತ್ತೇನೆ ಎಂದಿಯಂತೆ. 2024ರ ಮೇ ತಿಂಗಳ ಒಂದು ರಾತ್ರಿ ಕುಂಜಿಬೆಟ್ಟಿನ ಹೆದ್ದಾರಿಯಲ್ಲಿ ಎರಡು ತಂಡಗಳು ಕಾರಿಗೆ ಕಾರು ಗುದ್ದಿಸಿ ಹೊಡೆದಾಡಿದ ವಿಡಿಯೋ ಊರಿಡೀ ಹರಿದಾಡಿದ್ದನ್ನು ನೀನೂ ನೋಡಿದ್ದಿ. ಆಮೇಲೆ ಇಲ್ಲಿ ಕತ್ತಿ ಹಿಡಿದ ಹುಡುಗನ ವಿಡಿಯೋವನ್ನು ತಮಾಷೆ ಎಂದು ಯಾರು ನೋಡುತ್ತಾರೆ? ಬೈಕಿನಲ್ಲೂ ಬೇಡ, ಬಸ್ಸಿನಲ್ಲೂ ಬೇಡ. ಕೇಕಿಗೆ ಪ್ಲಾಸ್ಟಿಕ್ ಚೂರಿ ಅಂಗಡಿಯವನೇ ಕೊಡುತ್ತಾನೆ.

ನನಗೆ ನಿಜವಾಗಿ ಬೇಸರ ಬಂದದ್ದು ನಿನ್ನ ಇನ್ನೊಂದು ಯೋಚನೆ ಕೇಳಿ. ಕಾಪುವಿನ ಮನೆಯ ಚಾವಡಿಯಲ್ಲಿ, ದೈವದ ಭಂಡಾರದ ಎದುರು, ಆ ಕತ್ತಿ ಹಿಡಿದು ಫೋಟೋ ತೆಗೆಸಿಕೊಳ್ಳಬೇಕಂತೆ. ಅದು ಆಗದ ಮಾತು. ಅಲ್ಲಿರುವ ದೈವದ ಕತ್ತಿ ಕಡ್ಸಲೆಯನ್ನು ನಾನು, ಈ ಮನೆಯ ಯಜಮಾನನಾಗಿಯೂ, ಮನಸ್ಸು ಬಂದಾಗ ಮುಟ್ಟುವವನಲ್ಲ. ನೇಮದ ದಿನ ಭಂಡಾರ ಇಳಿಯಬೇಕು, ಯಾರ ಕೈಗೆ ಸಲ್ಲಬೇಕೋ ಅವರ ಕೈಗೆ ಸಲ್ಲಬೇಕು, ಮುಗಿದ ಮೇಲೆ ತಿರುಗಿ ಒಳಗೆ ಹೋಗಬೇಕು. ಗರಡಿಗಳಲ್ಲಿ ವೀರ ಅವಳಿಗಳಾದ ಕೋಟಿ ಚೆನ್ನಯರ ಕಿರುಗತ್ತಿ ಸುರಿಯಕ್ಕೂ ಇದೇ ಕಟ್ಟು. ಷೋಕಿಯ ವಸ್ತುವನ್ನು ಅದರ ಎದುರು ನಿಲ್ಲಿಸುವುದು ನಿನಗೂ ಶೋಭೆಯಲ್ಲ, ಆ ಜಪಾನಿ ಕತ್ತಿಗೂ ಶೋಭೆಯಲ್ಲ. ಯಾರಾದರೂ ಹಳೆಯ ಕಡ್ಸಲೆಯನ್ನೋ ದೈವದ ಮೊಗವನ್ನೋ ಮಾರುತ್ತೇನೆಂದು ಬಂದರೆ ದೂರ ಇರು. ಯಾವ ದೈವಸ್ಥಾನದಿಂದ ಕದ್ದದ್ದೋ ಏನೋ. ನೂರು ವರ್ಷ ದಾಟಿದ್ದಾದರೆ 1972ರ ಪ್ರಾಚ್ಯವಸ್ತು ಕಾಯ್ದೆಯೂ ಬೆನ್ನಿಗೆ ಬೀಳುತ್ತದೆ.

ಸಂಗ್ರಹದ ಹುಚ್ಚು ಹಿಡಿದದ್ದೇ ಹೌದಾದರೆ, ಮಣಿಪಾಲದಲ್ಲೇ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪವನ್ನು ಒಮ್ಮೆ ಸಾವಕಾಶವಾಗಿ ನೋಡಿ ಬಾ. ಬ್ಯಾಂಕಿನಲ್ಲಿ ದುಡಿದ ಮನುಷ್ಯ, ಊರವರು ಕೆಡವಿ ಬಿಸಾಡುತ್ತಿದ್ದ ಮನೆಗಳನ್ನೇ ಕಂಬ, ತೊಲೆ ಸಮೇತ ತಂದು ನಿಲ್ಲಿಸಿದರು. ಅಲ್ಲಿಂದ ಬಂದ ಮೇಲೂ ಆಯುಧದ ಮೇಲೆಯೇ ಮನಸ್ಸಿದ್ದರೆ ಕೊಡಗಿನ ಪೀಚೆಕತ್ತಿ ನೋಡು: ಮದುಮಗ ಸೊಂಟಕ್ಕೆ ಸಿಕ್ಕಿಸುವ, ಬೆಳ್ಳಿ ಕೆಲಸದ ಗಿಡ್ಡ ಕತ್ತಿ. ಅಂದದಲ್ಲಿ ಅದು ನಿನ್ನ ತಾಂತೊಗೆ ಸೋಲುವುದಿಲ್ಲ ಎಂದು ನನ್ನ ಲೆಕ್ಕ.

ಓದು ಮುಗಿಸಿ ಬೆಂಗಳೂರಿಗೆ ಹೋಗುವಾಗ ವಿಮಾನದ ಕೈಚೀಲಕ್ಕೆ ಹಾಕಬೇಡ, ಅಲ್ಲೇ ಕಿತ್ತುಕೊಳ್ಳುತ್ತಾರೆ. ಆಸೆ ತೀರಿದ ಮೇಲೆ ಗುಜರಿಯವನಿಗೂ ಹಾಗೇ ಕೊಡಬೇಡ, ಯಾರ ಕೈಗೆ ಹೋಗುತ್ತದೋ ಹೇಳಲಾಗದು. ವೆಲ್ಡಿಂಗ್ ಅಂಗಡಿಯಲ್ಲಿ ಎರಡು ತುಂಡು ಮಾಡಿಸಿ ಕೊಡು. ಒರೆ ಚಂದ ಇದ್ದರೆ ನನಗಿರಲಿ.