ತುಂಬಿದ ಲೋಟ ಹಿಡಿದು ನಡೆ

ಮಗಳೇ,

ನಿನ್ನೆ ರಾತ್ರಿ ನಿಮ್ಮಮ್ಮ ಫೋನ್ ಮಾಡಿದ್ದಳು. ಧಾರಾವಾಹಿಯಲ್ಲಿ ನಿನಗೆ ಮನೆಗೆಲಸದವಳ ಪಾತ್ರ ಬಂದಿದೆಯಂತೆ. ತಿಂಗಳಿಗೆ ನಾಲ್ಕೈದು ದಿನದ ಕೆಲಸ, ಮಾತು ಹೆಚ್ಚಿಲ್ಲ. ಕಾಲೇಜಿನ ನಾಟಕದಲ್ಲಿ ನಾಯಕಿ ಆದವಳು ಇಲ್ಲಿ ಕಾಫಿ ತಟ್ಟೆ ಹಿಡಿಯಬೇಕಾ ಅಂತ ಅತ್ತುಬಿಟ್ಟೆಯಂತೆ. ಆರ್.ಟಿ. ನಗರದಿಂದ ಯಲಹಂಕಕ್ಕೆ ಬಂದಿದ್ದರೆ ಎದುರಿಗೆ ಕೂರಿಸಿಕೊಂಡು ಹೇಳುತ್ತಿದ್ದೆ. ನೀನು ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ದೊಡ್ಡಪ್ಪ ಇಲ್ಲಿನ ರೈಲು ಗಾಲಿ ಕಾರ್ಖಾನೆಯಲ್ಲಿದ್ದ ಕಾಲದ ಮಾತು. ಒಂದು ದಿನ ಮೊದಲ ಪಾಳಿ ಮುಗಿಸಿ ಬಂದವರೇ ನನ್ನನ್ನು ಹೊರಡಿಸಿದರು, ಕಲಾಕ್ಷೇತ್ರದಲ್ಲಿ 'ಒಡಲಾಳ' ಇದೆ ಅಂತ. ದೇವನೂರ ಮಹಾದೇವರ ಕತೆ, ಸಿಜಿಕೆ ನಿರ್ದೇಶನ, ಸಮುದಾಯ ತಂಡ. ನನಗೋ ತಲೆಯಲ್ಲಿ ಇದ್ದದ್ದು ವಾಪಸ್ಸು ಬರುವ ಕೊನೆಯ ಬಸ್ಸಿನ ಚಿಂತೆ ಒಂದೇ. ದೀಪ ಆರಿ, ರಂಗದ ಮೇಲೆ ಸಾಕವ್ವ ಬಂದಳು. ಕಳೆದುಹೋದ ಹುಂಜ ಹುಡುಕುವ ಮುದುಕಿ. ಆಮೇಲೆ ಬಸ್ಸು ನೆನಪಿಗೇ ಬರಲಿಲ್ಲ.

ಆ ಮುದುಕಿ ಉಮಾಶ್ರೀ ಅಂತ ಆಮೇಲೆ ತಿಳಿಯಿತು. ಆಗಿನ್ನೂ ಎಳೆ ವಯಸ್ಸು. ಸೊಂಟ ಬಗ್ಗಿಸಿ, ದನಿ ನಡುಗಿಸಿಬಿಟ್ಟರೆ ಮುದುಕಿ ಆಗುತ್ತದೆ ಅಂತ ಕಾಲೇಜಿನ ಹುಡುಗಿಯರು ಅಂದುಕೊಳ್ಳುತ್ತೀರಿ. ಆಕೆಯ ಕಣ್ಣು ನೋಡಬೇಕಿತ್ತು ನೀನು. ಇನ್ನೊಬ್ಬರ ಜೊತೆ ಮಾತಾಡುತ್ತಿದ್ದರೂ ಆ ಕಣ್ಣು ಹುಂಜವನ್ನೇ ಹುಡುಕುತ್ತಿತ್ತು. ಬೈಗುಳ, ದುಃಖ, ಹಸಿವು ಎಲ್ಲದರ ಅಡಿಯಲ್ಲೂ ಒಂದು ಕೋಳಿ. ಆ ಒಡಲಿಗೆ ಅದೆಷ್ಟು ದೊಡ್ಡ ನಷ್ಟ ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ನಮಗೇ ಗೊತ್ತಾಯಿತು.

ಆಕೆ ಯಾವ ನಾಟಕದ ಮನೆತನದಿಂದ ಬಂದವರೂ ಅಲ್ಲ. ಬಿ. ಜಯಶ್ರೀ ಗುಬ್ಬಿ ವೀರಣ್ಣನವರ ಮೊಮ್ಮಗಳು, ಬಣ್ಣದ ಮನೆಯಲ್ಲೇ ಕಣ್ಣು ಬಿಟ್ಟವರು (ಅಂಥವರೂ 1976ರಲ್ಲಿ 'ಸ್ಪಂದನ' ಅಂತ ತಮ್ಮದೇ ತಂಡ ಕಟ್ಟಿ ಬೆವರು ಸುರಿಸಿದರು, ಅದು ನೆನಪಿರಲಿ). ಆದರೆ ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ 1957ರಲ್ಲಿ ಹುಟ್ಟಿದ ಉಮಾಶ್ರೀಗೆ ಅಂಥ ಹಿನ್ನೆಲೆ ಏನೂ ಇರಲಿಲ್ಲ. ಒಂಟಿಯಾಗಿ ಮಕ್ಕಳನ್ನು ಸಾಕಬೇಕಿತ್ತು. 1984ರಲ್ಲಿ ಕಾಶೀನಾಥರ 'ಅನುಭವ' ಬಂತು. ಅಲ್ಲಿಂದ ವರ್ಷಗಟ್ಟಲೆ ಸಿನಿಮಾದಲ್ಲಿ ಹಾಸ್ಯ ಪಾತ್ರಗಳು, ಎರಡರ್ಥದ ಮಾತುಗಳು. ಸಾಕವ್ವನನ್ನು ನೋಡಿದ್ದ ನಾನು ಮೂಗು ಮುರಿದೆ. ಅಂಥ ನಟಿ ಹೀಗೆ ಯಾಕೆ ಮಾಡಬೇಕು ಅಂತ ನಿಮ್ಮ ದೊಡ್ಡಪ್ಪನ ಹತ್ತಿರ ಜಗಳವನ್ನೇ ಆಡಿದ್ದೆ. ಆ ಮನೆಯ ಒಲೆ ಹೇಗೆ ಉರಿಯಬೇಕು ಅಂತ ನಾನು ಯೋಚಿಸಲೇ ಇಲ್ಲ. ಅದು ನನ್ನ ತಪ್ಪು, ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ಗಿರೀಶ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' ಬಂತು. ವೈದೇಹಿಯವರ ಕತೆ ಆಧರಿಸಿದ್ದು. ಕರಾವಳಿಯ ಬೆಸ್ತರ ಊರಿನಲ್ಲಿ ಸೂಲಗಿತ್ತಿ ಗುಲಾಬಿ, ಅವಳ ಮನೆಗೆ ಬಣ್ಣದ ಟಿವಿ ಬರುತ್ತದೆ, ಊರಿನ ಹೆಂಗಸರೆಲ್ಲ ಬಂದು ಕೂರುತ್ತಾರೆ. ಆ ಗುಲಾಬಿಗೆ 2007ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು, ಶ್ರೇಷ್ಠ ನಟಿ ಅಂತ. ಸಿನಿಮಾ ನೋಡುತ್ತಾ ನನಗೆ ಹೊಳೆಯಿತು: ಹಾಸ್ಯ ಮಾಡಿದ ಆ ವರ್ಷಗಳಲ್ಲಿ ಆಕೆ ಏನನ್ನೂ ಕಳೆದುಕೊಂಡಿರಲಿಲ್ಲ. ಎಲ್ಲಿ ಮಾತು ನಿಲ್ಲಿಸಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನುವ ಲೆಕ್ಕ ಆ ಪಾತ್ರಗಳಲ್ಲೇ ಪಳಗಿತ್ತು. ನಗಿಸಲು ಕಲಿತದ್ದೇ ಇಲ್ಲಿ ಅಳಿಸಲು ಒದಗಿತು.

2013ರಲ್ಲಿ ತೇರದಾಳದಿಂದ ಗೆದ್ದು ಸಚಿವೆಯೂ ಆದರು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ನಮಗೆ ಬೇಕಾದ್ದು ಆಮೇಲಿನದು. ಸಚಿವೆ ಆಗಿದ್ದವರು 2021ರ ಡಿಸೆಂಬರ್‌ನಲ್ಲಿ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಮೆಸ್ ನಡೆಸುವ ಹಳ್ಳಿ ಹೆಂಗಸಾಗಿ ಬಂದರು. ಮೂರೂ ಹೆಣ್ಣೇ ಅಂತ ಗಂಡ ಬಿಟ್ಟುಹೋದ ಪುಟ್ಟಕ್ಕ. ಪಾತ್ರೆ ಎತ್ತುವ ಕೈ, ಬೆವರು ಒರೆಸುವ ಸೆರಗು ನೋಡು, ಆಕೆ ಪಾತ್ರಕ್ಕಿಂತ ಮೇಲೆ ನಿಂತು ಅಭಿನಯಿಸುತ್ತಿಲ್ಲ. ಅಷ್ಟಕ್ಕೇ ನಿಲ್ಲಲಿಲ್ಲ, ಆ ವಯಸ್ಸಿನಲ್ಲಿ ಮತ್ತೆ ರಂಗ ಹತ್ತಿ 'ಶರ್ಮಿಷ್ಠೆ' ಅನ್ನುವ ಏಕವ್ಯಕ್ತಿ ನಾಟಕ ಮಾಡಿದರು. ಪಕ್ಕದಲ್ಲಿ ಮಾತು ಎತ್ತಿಕೊಡಲು ಇನ್ನೊಬ್ಬ ನಟ ಇಲ್ಲದ ನಾಟಕ. ಅದಕ್ಕೆ ಎಷ್ಟು ಉಸಿರು ಬೇಕು ಅಂತ ನಿನಗೇ ಗೊತ್ತು.

ಅದಕ್ಕೆ ಹೇಳುತ್ತೇನೆ, ಈ ಪಾತ್ರ ಒಪ್ಪಿಕೋ. ಆದರೆ ನಿಮ್ಮ ನಾಟಕದ ತಂಡ ಬಿಡಬೇಡ. ನಿಮ್ಮ ಮನೆಯ ಹತ್ತಿರವೇ ಇದೆಯಲ್ಲ, ಜೆ.ಸಿ. ನಗರದ ದೂರದರ್ಶನ ಕೇಂದ್ರ, ಮೊದಮೊದಲು ಅಲ್ಲಿ ಕ್ಯಾಮೆರಾ ಎದುರು ನಿಂತವರಲ್ಲಿ ಎಷ್ಟೋ ಮಂದಿ ನಾಟಕದಿಂದಲೇ ಹೋದವರು. ನಾಟಕದಲ್ಲಿ ಒಂದು ಪಾತ್ರಕ್ಕೆ ತಿಂಗಳುಗಟ್ಟಲೆ ತಾಲೀಮು. ಧಾರಾವಾಹಿಯ ಸೆಟ್ಟಿನಲ್ಲಿ ಅಷ್ಟು ಸಮಯ ಯಾರೂ ಕೊಡುವುದಿಲ್ಲ. ಹಾಳೆ ಕೈಗೆ ಬರುತ್ತದೆ, ಒಂದು ಸಲ ನೋಡುತ್ತೀಯ, ಶಾಟ್ ರೆಡಿ. ಪಕ್ಕದಲ್ಲಿ ನಿಂತು ಪ್ರಾಂಪ್ಟ್ ಮಾಡುತ್ತಾರೆ, ಅದನ್ನು ಕೇಳಿ ಕೇಳಿ ಹೇಳುವ ಚಟ ಹತ್ತಿಸಿಕೊಳ್ಳಬೇಡ. ಎರಡೇ ಮಾತಿರಲಿ, ಬಾಯಿಪಾಠ ಮಾಡಿಕೊಂಡು ನಿಲ್ಲು. ಪ್ರಾಂಪ್ಟ್‌ಗೆ ಕಿವಿ ಕೊಟ್ಟವಳ ಕಣ್ಣು ಖಾಲಿಯಾಗುತ್ತದೆ, ಮನೆಯಲ್ಲಿ ಕೂತು ನೋಡುವ ನಮಗೆ ತಿಳಿಯುತ್ತದೆ.

ಇನ್ನೊಂದು, ದುಡ್ಡಿನ ಮಾತಿಗೆ ನಾಚಿಕೆ ಬೇಡ. ದಿನಕ್ಕೆ ಎಷ್ಟು, ಯಾವಾಗ ಕೈಗೆ ಬರುತ್ತದೆ, ರಾತ್ರಿ ತಡವಾದರೆ ಮನೆಗೆ ಬಿಡಲು ಗಾಡಿ ಇದೆಯಾ ಅಂತ ಮೊದಲ ದಿನವೇ ಕೇಳು. ಹೆಬ್ಬಾಳದ ಮೇಲ್ಸೇತುವೆ ಹತ್ತಿರ ಹನ್ನೊಂದು ಗಂಟೆಗೆ ಆಟೋಗೆ ಕಾಯುತ್ತಾ ನಿಂತರೆ ಯಾವ ಕಲೆಯೂ ಬೆಳೆಯುವುದಿಲ್ಲ.

ಧಾರಾವಾಹಿಗಳಲ್ಲಿ ಮನೆಗೆಲಸದವಳು ಕಾಫಿ ತರುವುದನ್ನು ಗಮನಿಸಿದ್ದೀಯಾ? ಲೋಟದಲ್ಲಿ ಏನೂ ಇರುವುದಿಲ್ಲ. ತಟ್ಟೆ ಓಲಾಡುತ್ತದೆ, ಅವಳು ದಡದಡ ಬರುತ್ತಾಳೆ, ಯಾರೋ ಆ ಖಾಲಿ ಲೋಟ ಎತ್ತಿ ಕುಡಿದಂತೆ ಮಾಡುತ್ತಾರೆ. ತುಂಬಿದ ಲೋಟ ಹೊತ್ತವಳ ನಡಿಗೆಯೇ ಬೇರೆ. ಮೊಣಕೈ ಮೈಗೆ ಅಂಟಿರುತ್ತದೆ, ಕಾಲು ನೆಲವನ್ನು ಕೇಳಿಕೊಂಡು ಇಡುತ್ತಾಳೆ, ಬಾಗಿಲ ಹೊಸ್ತಿಲ ಹತ್ತಿರ ಉಸಿರು ಒಂದು ಕ್ಷಣ ನಿಲ್ಲುತ್ತದೆ.

ಭಾನುವಾರ ಬಾ. ನಾಲ್ಕು ಲೋಟ ತುಂಬ ಬಿಸಿ ಕಾಫಿ ಹಾಕಿ ತಟ್ಟೆಯಲ್ಲಿ ಇಟ್ಟಿರುತ್ತೇನೆ. ಅಡುಗೆಮನೆಯಿಂದ ಹಾಲ್‌ವರೆಗೆ ನಡೆದು ತೋರಿಸು. ಚೆಲ್ಲಿದರೆ ಒರೆಸಿಕೊಳ್ಳೋಣ, ಮತ್ತೆ ಮಾಡಿಕೊಡುತ್ತೇನೆ.

ನಿನ್ನ ದೊಡ್ಡಮ್ಮ