ಮಗ್ಗದ ಕೀಲಿಗೆ ಯಾವ ಅಂಟು?

ಬೆಟಗೇರಿಯ ನಿಮ್ಮ ಕೈಮಗ್ಗದ ಚೌಕಟ್ಟು ಸಡಿಲಾಗಿದೆ ಎಂದು ಬರೆದಿದ್ದೀರಿ. ಬೆಣೆ ಹೊಡೆದು ಕೂಡಿಸಿದ ಕೀಲಿಗೆ ಅಂಟು ಹಾಕಲೇಬೇಡಿ, ಬೆಣೆಯನ್ನೇ ಬದಲಿಸಿ. ಮುಂದೆ ಮಗ್ಗ ಬಿಚ್ಚಬೇಕಾದೀತು. ಕಾಯಂ ಕೂಡಿಕೆಗೆ ಫೆವಿಕಾಲ್‌ನಂಥ ಬಿಳಿ ಅಂಟು ಸಾಕು. ಆದರೆ ಒಣಗಿದ ಹಳೆಯ ಅಂಟಿನ ಮೇಲೆ ಅದು ಸರಿಯಾಗಿ ಹಿಡಿಯದು, ಮರ ಕಾಣುವವರೆಗೂ ಕೆರೆಯಿರಿ. ಗದಗದ ಏಪ್ರಿಲ್ ಬಿಸಿಲಿಗೆ ಅಂಟು ಬೇಗ ಕೆನೆಗಟ್ಟುತ್ತದೆ. ಬೆಳಿಗ್ಗೆಯೇ ತೆಳುವಾಗಿ ಸವರಿ, ಕ್ಲಾಂಪ್ ಬಿಗಿದು, 24 ಗಂಟೆ ಭಾರ ಹೇರಬೇಡಿ. ಸಂದು ದೊಡ್ಡದಿದ್ದರೆ ಎಪಾಕ್ಸಿ. ಅದರ ಗಟ್ಟಿಕಾರಕ ಚರ್ಮಕ್ಕೆ ಅಲರ್ಜಿ ತರಬಲ್ಲದು, ಕೈಗವಸು ಬೇಕೇ ಬೇಕು. ಸನ್‌ಮೈಕಾ ಅಂಟಿಸುವ ರಬ್ಬರ್ ಅಂಟು ಮಗ್ಗಕ್ಕೆ ಸಲ್ಲದು: ಸತತ ಎಳೆತಕ್ಕೆ ಜಾರುತ್ತದೆ, ಅದರ ಆವಿಗೆ ಥಟ್ಟನೆ ಬೆಂಕಿ ಹತ್ತುತ್ತದೆ. ಮನೆಯಲ್ಲಿ ಒಲೆಯೋ ದೇವರ ದೀಪವೋ ಉರಿಯುತ್ತಿದ್ದರೆ ಆ ಡಬ್ಬಿಯನ್ನು ದಯವಿಟ್ಟು ತೆರೆಯಲೇಬೇಡಿ.