ಚಲಚ್ಚಿತ್ರದಲ್ಲಿ ಆಳ: ಕಥೆಗೆ ನೆರವೋ, ಅಡ್ಡಿಯೋ?

ಚಲಚ್ಚಿತ್ರದ ತೆರೆಗೆ ಉದ್ದವುಂಟು, ಅಗಲವುಂಟು, ಆಳವೆಂಬುದಿಲ್ಲ. ಆದರೂ ಆ ಚಪ್ಪಟೆಯಾದ ಬಿಳಿಯ ತೆರೆಯ ಮೇಲೆ ನಾವು ಊರುಗಳನ್ನೂ ಕಾಡುಗಳನ್ನೂ ಯುದ್ಧಗಳನ್ನೂ ಕಂಡಿದ್ದೇವೆ. ಕಂಡು ಅತ್ತಿದ್ದೇವೆ, ನಕ್ಕಿದ್ದೇವೆ. ಹೀಗಿರುವಲ್ಲಿ, ಇಲ್ಲದ ಮೂರನೆಯ ಆಯಾಮವನ್ನು ಕನ್ನಡಕದ ಮೂಲಕ ತಂದುಕೊಡುವ ತ್ರೀಡಿ ಚಿತ್ರಗಳು ಕಥೆಗೆ ಏನನ್ನು ಸೇರಿಸುತ್ತವೆ, ಏನನ್ನು ಕಳೆಯುತ್ತವೆ ಎಂಬುದು ವಿಚಾರಮಾಡತಕ್ಕ ಪ್ರಶ್ನೆ. ನಮ್ಮ ಚಂದಾಪುರದ ಕಡೆಯವರಿಗೆ ಇದು ಬರಿಯ ಶಾಸ್ತ್ರದ ಮಾತಲ್ಲ. ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ ರಾತ್ರಿಯ ಪಾಳಿ ಮುಗಿಸಿ ಬೆಳಿಗ್ಗೆ ತರಗತಿಗೆ ಬಂದು ಕೂಡುವ ಗೆಳೆಯರು ನಮ್ಮಲ್ಲಿದ್ದಾರೆ. ತ್ರೀಡಿ ಆಟಕ್ಕೆಂದು ಕೊಡುವ ಹೆಚ್ಚಿನ ಹಣ ಅವರಿಗೆ ಒಂದು ಹೊತ್ತಿನ ಊಟದ ಹಣ. ಆ ಹಣಕ್ಕೆ ಸಿಕ್ಕುವುದೇನೆಂದು ಕೇಳಲು ನಮಗೆ ಹಕ್ಕಿದೆ.

ಮೊದಲು ಇದರ ಮರ್ಮವನ್ನು ತಿಳಿಯೋಣ. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರವಿದೆ. ಆದುದರಿಂದ ಒಂದೇ ವಸ್ತುವನ್ನು ಎರಡು ಕಣ್ಣುಗಳೂ ತುಸು ಬೇರೆ ಬೇರೆ ಕಡೆಯಿಂದ ನೋಡುತ್ತವೆ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿದರೆ ಬೆರಳು ಪಕ್ಕಕ್ಕೆ ಜಿಗಿದಂತೆ ಕಾಣುವುದು. ಈ ಎರಡು ನೋಟಗಳನ್ನು ಮಿದುಳು ಬೆಸೆದಾಗ ಆಳದ ಅರಿವು ಹುಟ್ಟುತ್ತದೆ. ಇದನ್ನು 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಎಂಬ ವಿಜ್ಞಾನಿ ಕನ್ನಡಿಗಳನ್ನು ಜೋಡಿಸಿದ ಒಂದು ಉಪಕರಣದಿಂದ ತೋರಿಸಿಕೊಟ್ಟನು. ತ್ರೀಡಿ ಚಿತ್ರ ಮಾಡುವುದೂ ಇಷ್ಟೆ. ಎಡಗಣ್ಣಿನ ನೋಟ, ಬಲಗಣ್ಣಿನ ನೋಟ ಎರಡನ್ನೂ ಒಂದೇ ತೆರೆಯ ಮೇಲೆ ಬೀರಲಾಗುತ್ತದೆ. ಯಾವ ಕಣ್ಣಿನದು ಯಾವ ಕಣ್ಣಿಗೆ ಎಂಬುದನ್ನು ಕನ್ನಡಕ ವಿಂಗಡಿಸುತ್ತದೆ. ಎಡಗಣ್ಣಿನ ಚಿತ್ರ ತೆರೆಯ ಮೇಲೆ ಎಡಕ್ಕೂ ಬಲಗಣ್ಣಿನದು ಬಲಕ್ಕೂ ಸರಿದಿದ್ದರೆ ವಸ್ತು ತೆರೆಯ ಹಿಂದೆ ಇರುವಂತೆ ಕಾಣುತ್ತದೆ. ಅವು ಅದಲುಬದಲಾದರೆ ವಸ್ತು ತೆರೆಯಿಂದ ಹೊರಗೆ, ನಮ್ಮತ್ತ ಬಂದಂತೆ ಕಾಣುತ್ತದೆ. ಆಳ ಒಳಮುಖವಾಗಿಯೂ ಇರಬಹುದು, ಹೊರಮುಖವಾಗಿಯೂ ಇರಬಹುದು. ವಾಚಕರು ಈ ಭೇದವನ್ನು ನೆನಪಿನಲ್ಲಿಡಬೇಕು. ನನ್ನ ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ.

ಈ ಮಾಯೆಗೆ ತೆರಬೇಕಾದ ಬೆಲೆಯೂ ಉಂಟು. ಯಂತ್ರದಿಂದ ಹೊರಟ ಬೆಳಕಿನಲ್ಲಿ ಅರ್ಧಕ್ಕಿಂತಲೂ ಕಡಿಮೆ ಭಾಗವೇ ಕನ್ನಡಕ ದಾಟಿ ಕಣ್ಣಿಗೆ ತಲುಪುವುದು. ರಾತ್ರಿಯ ದೃಶ್ಯಗಳು ಮತ್ತಷ್ಟು ಮಂಕಾಗುತ್ತವೆ. ಪಾತ್ರಧಾರಿಯ ಕಣ್ಣಂಚಿನ ಭಾವ ಮೊದಲು ಅಳಿಸಿಹೋಗುತ್ತದೆ. ಇನ್ನೊಂದು ತೊಂದರೆಯನ್ನು ವಾಲ್ಟರ್ ಮರ್ಚ್ ಎಂಬ ಹೆಸರಾಂತ ಅಮೆರಿಕದ ಸಂಕಲನಕಾರರು 2011ರಲ್ಲಿ ವಿಮರ್ಶಕ ರೋಜರ್ ಈಬರ್ಟರಿಗೆ ಬರೆದ ಪತ್ರದಲ್ಲಿ ಎತ್ತಿ ತೋರಿಸಿದರು. ಲೋಕದಲ್ಲಿ ನಾವು ಯಾವ ದೂರಕ್ಕೆ ಕಣ್ಣುಗಳನ್ನು ಕೂಡಿಸುತ್ತೇವೆಯೋ ಅದೇ ದೂರಕ್ಕೆ ದೃಷ್ಟಿಯನ್ನು ಹರಿತಗೊಳಿಸುತ್ತೇವೆ. ತ್ರೀಡಿ ಚಿತ್ರದಲ್ಲಿ ದೃಷ್ಟಿ ನೆಟ್ಟಿರಬೇಕಾದುದು ತೆರೆಯ ಮೇಲೆ, ಕಣ್ಣುಗಳು ಕೂಡಬೇಕಾದುದು ಬೇರೆಲ್ಲೋ. ಒಂದು ತುಣುಕಿನಿಂದ ಮತ್ತೊಂದಕ್ಕೆ ಚಿತ್ರ ಹಾರಿದಾಗಲೆಲ್ಲ ಕಣ್ಣು ಹೊಸದಾಗಿ ಹೊಂದಿಕೊಳ್ಳಬೇಕು. ಚಲಚ್ಚಿತ್ರದ ಕಥೆಯಾದರೋ ತುಣುಕು ತುಣುಕುಗಳ ಬೆಸುಗೆಯಲ್ಲೇ ನಡೆಯುವಂಥದು. ನಡಿಗೆಯ ಹಾದಿಯಲ್ಲೇ ಹೊಸ್ತಿಲುಗಳನ್ನಿಟ್ಟಂತಾಯಿತು.

ಹಾಲಿವುಡ್ಡಿನಲ್ಲಿ ತ್ರೀಡಿಯ ಮೊದಲ ಅಬ್ಬರ 1952ರಿಂದ 1954ರವರೆಗೆ. ಟೆಲಿವಿಷನ್ನಿಗೆ ಹೆದರಿದ ಚಿತ್ರೋದ್ಯಮಿಗಳು ಜನರನ್ನು ಮತ್ತೆ ಚಿತ್ರಮಂದಿರಕ್ಕೆ ಕರೆತರಲು ಹಿಡಿದ ಉಪಾಯಗಳಲ್ಲಿ ಅದೂ ಒಂದು. ಆ ಕಾಲದ ದೊಡ್ಡ ತ್ರೀಡಿ ಯಶಸ್ಸಾದ 1953ರ 'ಹೌಸ್ ಆಫ್ ವ್ಯಾಕ್ಸ್' ಚಿತ್ರದ ನಿರ್ದೇಶಕ ಆಂಡ್ರೆ ಡಿ ಟಾತ್‌ಗೆ ಒಂದೇ ಕಣ್ಣು! ತಾನು ಮಾಡಿದ ಮಾಯೆಯನ್ನು ತಾನೇ ಕಾಣಲಾರದವನು. ಆ ಬಳಿಕ ಹಿಚ್‌ಕಾಕ್ 'ಡಯಲ್ ಎಂ ಫಾರ್ ಮರ್ಡರ್' ಚಿತ್ರವನ್ನು ತ್ರೀಡಿಯಲ್ಲಿ ತೆಗೆದರು. ಬಹುಪಾಲು ಒಂದೇ ಮನೆಯೊಳಗೆ ನಡೆಯುವ ಕಥೆ, ಆಳವೆಲ್ಲ ಒಳಮುಖ. ಕೊಲೆಗಡುಕನ ಹಿಡಿತದಲ್ಲಿರುವ ಹೆಂಗಸು ಕತ್ತರಿಗಾಗಿ ಕೈ ಚಾಚುವ ಗಳಿಗೆಯಲ್ಲಿ ಆ ಕೈ ನಮ್ಮ ಕಡೆಗೆ ಬರುತ್ತದೆ, ಸಹಾಯ ಬೇಡುವಂತೆ. ಅಲ್ಲಿ ಕಥೆಗೂ ಆಳಕ್ಕೂ ಒಂದೇ ಪ್ರಾಣ. ಆದರೆ ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ತ್ರೀಡಿಯ ಹುಚ್ಚು ಇಳಿದಿತ್ತು. ಬಹಳ ಮಂದಿ ಅದನ್ನು ಚಪ್ಪಟೆಯಾಗಿಯೇ ನೋಡಿದರು, ಮೆಚ್ಚಿದರು. ಸಂಯಮದಿಂದ ಮಾಡಿದ ಚಿತ್ರಕ್ಕೆ ಆಳ ಬಂದರೆ ಲಾಭ, ಬರದಿದ್ದರೆ ನಷ್ಟವಿಲ್ಲ ಎಂದಾಯಿತು.

ನಮ್ಮ ದೇಶದ ಮೊದಲ ತ್ರೀಡಿ ಚಿತ್ರ 1984ರ ಮಲಯಾಳಂ 'ಮೈ ಡಿಯರ್ ಕುಟ್ಟಿಚ್ಚಾತ್ತನ್', ನಿರ್ದೇಶಕರು ಜಿಜೋ. ಮಾಂತ್ರಿಕನ ಕೈಯಾಳಾಗಿದ್ದ ಒಂದು ಮರಿಭೂತ ಮಕ್ಕಳ ಸ್ನೇಹಿತನಾಗುವ ಕಥೆ. ಅದು ಮೊದಲೇ ಮಾಯೆಯ ಕಥೆಯಾದುದರಿಂದ ಕಣ್ಣಿನ ಮಾಯೆ ಅದಕ್ಕೆ ಒಗ್ಗಿತು. ಆದರೂ ಆ ಚಿತ್ರದಲ್ಲಿ ಇಂದಿಗೂ ಜನ ನೆನೆಯುವುದು ಮಕ್ಕಳು ಗೋಡೆಯ ಮೇಲೂ ಸೂರಿನ ಮೇಲೂ ನಡೆದಾಡುವ ಹಾಡನ್ನು. ಅದನ್ನು ಸಾಧಿಸಿದ್ದು ಒಂದು ಇಡೀ ಕೋಣೆಯನ್ನೇ ತಿರುಗುವಂತೆ ಕಟ್ಟಿ. ಅದರಲ್ಲಿ ಕನ್ನಡಕದ ಪಾಲು ಅಷ್ಟಕ್ಕಷ್ಟೆ.

ಆಳಕ್ಕೂ ಕಥೆಗೂ ಇರುವ ಈ ಹಗ್ಗಜಗ್ಗಾಟ ಚಲಚ್ಚಿತ್ರಕ್ಕೆ ಹೊಸದಲ್ಲ. ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರನ ಗುಡಿಯ ಹೊರಗೋಡೆಯನ್ನು ಜ್ಞಾಪಿಸಿಕೊಳ್ಳಲಿ. ಮೇಲಿನ ಸಾಲಿನಲ್ಲಿ ದೊಡ್ಡ ಮೂರ್ತಿಗಳು. ಕೈಕಾಲು, ಒಡವೆಗಳೆಲ್ಲ ಕಲ್ಲಿನಿಂದ ಬಿಡಿಸಿ ಎತ್ತಿ ನಿಲ್ಲಿಸಿದಂತೆ ಆಳವಾಗಿ ಕಡೆದವು. ಕೆಳಗೆ ಪಟ್ಟಿಕೆಗಳು, ಅವುಗಳಲ್ಲೊಂದರಲ್ಲಿ ರಾಮಾಯಣ, ಭಾರತಗಳು ಅಂಗೈಯಗಲದ ಉಬ್ಬುಚಿತ್ರಗಳಾಗಿ ಗೋಡೆಯುದ್ದಕ್ಕೂ ಹರಿಯುತ್ತವೆ. ಮೇಲಿನ ಸಾಲಿನಲ್ಲಿಯೂ ಕಥೆಯಿಲ್ಲದಿಲ್ಲ; ಕೈಲಾಸವನ್ನೆತ್ತುವ ರಾವಣ ಅಲ್ಲಿದ್ದಾನೆ. ಆದರೆ ಅದು ಕಥೆಯ ಒಂದು ಕ್ಷಣ ಮಾತ್ರ. ಅಲ್ಲಿ ನಾವು ನಿಲ್ಲುತ್ತೇವೆ. ಪಟ್ಟಿಕೆಯ ಮುಂದೆ ನಿಂತರೆ ಸಾಲದು, ನಡೆಯಬೇಕು. ಆಳ ಕಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಕಥೆ ಕಣ್ಣನ್ನು ಕೈಹಿಡಿದು ನಡೆಸುತ್ತದೆ. ನಮ್ಮ ಶಿಲ್ಪಿಗಳು ಯಾವುದು ಎಲ್ಲಿರಬೇಕೆಂದು ಬಲ್ಲವರಾಗಿದ್ದರು.

ಈಗ ಕನ್ನಡದ ತ್ರೀಡಿಗೆ ಬರೋಣ. 2012ರಲ್ಲಿ ಉಪೇಂದ್ರ, ರಮ್ಯಾ ಅವರ 'ಕಠಾರಿ ವೀರ ಸುರಸುಂದರಾಂಗಿ' ಬಂತು. ಸ್ವರ್ಗ, ಯಮ, ಚಿತ್ರಗುಪ್ತರ ತಮಾಷೆ. ನಗುವವರಿಗೆ ಕನ್ನಡಕ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹೆಚ್ಚು ವಿಚಾರಕ್ಕೆಡೆಗೊಡುವುದು 2019ರ 'ಕುರುಕ್ಷೇತ್ರ'. ನಾಗಣ್ಣನವರ ನಿರ್ದೇಶನ, ದರ್ಶನ್ ದುರ್ಯೋಧನ, ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದ ಅಂಬರೀಷ್ ಭೀಷ್ಮ. ಅದನ್ನು ತ್ರೀಡಿಯಲ್ಲಿಯೂ ಸಾಮಾನ್ಯ ರೂಪದಲ್ಲಿಯೂ ತೋರಿಸಿದರು. ಆಗ ಹೈಸ್ಕೂಲಿನಲ್ಲಿದ್ದ ನನ್ನನ್ನು ಸೋದರಮಾವನವರು ತ್ರೀಡಿ ಆಟಕ್ಕೆ ಕರೆದುಕೊಂಡು ಹೋದರು. ಅವರಿಗೆ ಚಿಕ್ಕಂದಿನಲ್ಲಿ ಚಿನ್ನಿದಾಂಡು ಆಡುವಾಗ ಚಿನ್ನಿ ಬಡಿದು ಎಡಗಣ್ಣು ಹೋಗಿದೆ. ನಮ್ಮ ಸಾಲಿನ ಹುಡುಗರೆಲ್ಲ ಕೈಚಾಚಿ ಗಾಳಿಯಲ್ಲಿ ಬಾಣ ಹಿಡಿಯುತ್ತಿದ್ದರೆ ಮಾವ ಸುಮ್ಮನೆ ಕೂತಿದ್ದರು. ಹೊರಗೆ ಬಂದಮೇಲೆ, “ಎಲ್ಲಾರ ಮೈಮೇಲೂ ಬಾಣ ಬಂತಂತೆ ಕಣಪ್ಪಾ, ನನ್ ಮೇಲೆ ಮಾತ್ರ ಒಂದೂ ಬರ್ಲಿಲ್ಲ!” ಎಂದು ನಕ್ಕರು.

ಆದರೆ ಮನೆಗೆ ಬಂದು ಅತ್ತೆಗೆ ಕಥೆ ಹೇಳಿದವರು ಅವರೇ. ಕರ್ಣನ ಸ್ನೇಹ, ಭೀಷ್ಮನ ಸಂಕಟ, ಅಭಿಮನ್ಯುವಿನ ಸಾವು, ಒಂದೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಗಂಟಲು ಕಟ್ಟಿತು. ನಾನೂ ನನ್ನ ಗೆಳೆಯರೂ ಮರುದಿನ ಶಾಲೆಯಲ್ಲಿ ಹೇಳಿಕೊಂಡದ್ದು ಬಾಣಗಳನ್ನು ಮಾತ್ರ. ಈ ಒಂದು ನಿದರ್ಶನದಿಂದ ಸಿದ್ಧಾಂತ ಕಟ್ಟುವುದು ತರವಲ್ಲವೆಂದು ನಮ್ಮ ತರ್ಕಶಾಸ್ತ್ರದ ಅಧ್ಯಾಪಕರು ಹೇಳಿಯಾರು. ಆದರೂ ಕೇಳುತ್ತೇನೆ: ಒಂದೇ ಕಣ್ಣಿನವರು ಕಥೆಯಲ್ಲಿ ಕಳೆದುಕೊಂಡದ್ದೇನು?

ಒಂದೇ ಕಣ್ಣಿಗೂ ಆಳ ತಿಳಿಯುತ್ತದೆ. ದೂರದ್ದು ಚಿಕ್ಕದಾಗಿ ಕಾಣುವುದು, ಮುಂದಿನದು ಹಿಂದಿನದನ್ನು ಮರೆಮಾಡುವುದು, ದೂರದ ಬೆಟ್ಟ ಮಸುಕಾಗುವುದು, ಬೆಳಕು ನೆರಳುಗಳ ಓಟ, ಇವೆಲ್ಲ ಆಳದ ಗುರುತುಗಳೇ. ಒಳ್ಳೆಯ ಛಾಯಾಗ್ರಾಹಕ ಇವುಗಳಿಂದಲೇ ಕೆಲಸ ತೆಗೆಯುತ್ತಾನೆ. ಮೈಸೂರಿನ ವಿ. ಕೆ. ಮೂರ್ತಿಯವರು ಗುರುದತ್ತರ 'ಕಾಗಜ್ ಕೆ ಫೂಲ್' (1959) ಚಿತ್ರಕ್ಕೆ, ಕನ್ನಡಿಗಳಿಂದ ಸೂರ್ಯನ ಬೆಳಕನ್ನೇ ಸ್ಟುಡಿಯೋದೊಳಕ್ಕೆ ತಿರುಗಿಸಿ, ಕತ್ತಲೆಯ ನಡುವೆ ಒಂದು ಬೆಳಕಿನ ಕಂಬವನ್ನು ನಿಲ್ಲಿಸಿದರು. ಅದರ ಆಚೀಚೆ ನಿಂತ ಇಬ್ಬರ ನಡುವಿನ ದೂರವನ್ನು ಅಳೆಯಲು ಕನ್ನಡಕ ಬೇಕಿಲ್ಲ. ಅದು ಮನಸ್ಸಿನ ದೂರ.

ಹಾಗಾದರೆ ತ್ರೀಡಿ ಬೇಡವೇ ಬೇಡವೆ? ನಾನು ಅಷ್ಟು ದೂರ ಹೋಗುವುದಿಲ್ಲ. ಕಥೆಯ ತಿರುಳೇ ಎತ್ತರವೋ ಆಳವೋ ದೂರವೋ ಆಗಿದ್ದರೆ ಅದನ್ನು ಚಪ್ಪಟೆಯಾಗಿ ತೋರಿಸುವುದೇ ನಷ್ಟ. ಬಾಹ್ಯಾಕಾಶದಲ್ಲಿ ಆಸರೆ ತಪ್ಪಿ ತೇಲುವ ಹೆಂಗಸಿನ ಕಥೆಯಾದ 'ಗ್ರಾವಿಟಿ' (2013) ಅಂಥದು. ನಮ್ಮ ಹತ್ತಿರದ ಹುಸ್ಕೂರು ಮದ್ದೂರಮ್ಮನ ಜಾತ್ರೆಯೂ ಅಂಥದೇ. ಸುತ್ತಣ ಊರುಗಳವರು ಕುರ್ಜು ಎಂದು ಕರೆಯುವ, ನೂರು ಅಡಿಗೂ ಮಿಗಿಲಾದ ತೇರುಗಳನ್ನು ಎತ್ತುಗಳಿಂದಲೂ ಟ್ರ್ಯಾಕ್ಟರುಗಳಿಂದಲೂ ಎಳೆದು ತರುತ್ತಾರೆ. ಅದು ವಾಲಿದಾಗ ಹಗ್ಗ ಹಿಡಿದವರ ಎದೆ ಹಾರುತ್ತದೆ. 2024ರಲ್ಲಿ ಒಂದು ತೇರು ಉರುಳಿಬಿದ್ದುದನ್ನು ಫೋನಿನಲ್ಲಿ ನೋಡಿದವರಿಗೆ ಆಟಿಕೆ ಬಿದ್ದಂತೆ ಕಂಡಿತು. ಅದರ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದವರಿಗೆ ಮಾತ್ರ ಅದೇನೆಂದು ಗೊತ್ತು. ಅದರ ಚಿತ್ರವನ್ನು ಯಾರಾದರೂ ತೆಗೆದರೆ ಆಳ ಬೇಕು.

'ಕುರುಕ್ಷೇತ್ರ' ಚಿತ್ರಕ್ಕೆ ಆಧಾರವಾದುದು ರನ್ನನ 'ಗದಾಯುದ್ಧ'. ಆ ಕಾವ್ಯವನ್ನು ತರಗತಿಯಲ್ಲಿ ಓದಿದಮೇಲೆ ನನಗೆ ಈ ವಿಚಾರ ಸ್ಪಷ್ಟವಾಯಿತು. ರನ್ನನು ಯುದ್ಧವನ್ನೆಲ್ಲ ಸಿಂಹಾವಲೋಕನ ಕ್ರಮದಿಂದ ಹಿಂದಿರುಗಿ ನೋಡುತ್ತಾನೆ. ದುರ್ಯೋಧನನು ಸಂಜಯನೊಡನೆ ರಣರಂಗದಲ್ಲಿ ನಡೆಯುತ್ತಾನೆ. ಹೆಣಗಳ ನಡುವೆ ದ್ರೋಣ, ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ ಒಬ್ಬೊಬ್ಬರಾಗಿ ಸಿಕ್ಕುತ್ತಾರೆ. ಶತ್ರುವಿನ ಮಗ ಅಭಿಮನ್ಯುವಿಗೂ ಅವನು ತಲೆಬಾಗುತ್ತಾನೆ. ಆ ಬಯಲಿನ ವಿಸ್ತಾರವೇ ಅಲ್ಲಿ ಕಥೆ. ಒಬ್ಬ ಅರಸ, ಅವನ ಸುತ್ತ ಕೊನೆಯಿಲ್ಲದ ಬಯಲು, ಒಂದು ಹೆಣದಿಂದ ಮತ್ತೊಂದಕ್ಕೆ ಇರುವ ದೂರ. ತ್ರೀಡಿಯ ಒಳಮುಖ ಆಳ ಹೇಳಿ ಮಾಡಿಸಿದಂತಿರುವ ಸ್ಥಳ ಇದು. ನಮ್ಮತ್ತ ಒಂದು ಬಾಣವೂ ಬರಬೇಕಾಗಿಲ್ಲ. ತುಣುಕುಗಳನ್ನು ಕತ್ತರಿಸದೆ ಅವನೊಡನೆ ನಿಧಾನವಾಗಿ ನಡೆದರೆ ಸಾಕು, ಕಣ್ಣಿಗೂ ದಣಿವಿಲ್ಲ. ಮುಂದೆ ಅವನು ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ; ದಡದಿಂದ ಭೀಮನ ಗರ್ಜನೆ ಕೇಳಿ ನೀರಿನೊಳಗೂ ಬೆವರುತ್ತಾನೆ. ಆ ಬೆವರು ಕಾಣಬೇಕಾದರೆ ಬೆಳಕು ಬೇಕು, ಕಪ್ಪು ಕನ್ನಡಕ ಅಲ್ಲಿ ವಿಘ್ನವೇ ಸರಿ. ಹೀಗೆ ಒಂದೇ ಕಾವ್ಯದ ಒಂದು ಸನ್ನಿವೇಶ ಕನ್ನಡಕ ಹಾಕಿಕೊಳ್ಳೆನ್ನುತ್ತದೆ, ಮುಂದಿನದು ತೆಗೆಯೆನ್ನುತ್ತದೆ. ಇದನ್ನು ಹೇಗೆ ಹೊಂದಿಸಬಹುದೆಂದು ನಮ್ಮ ಕನ್ನಡ ಐಚ್ಛಿಕ ವಿದ್ಯಾರ್ಥಿಗಳೂ ಭೌತಶಾಸ್ತ್ರ ಬಲ್ಲ ಗೆಳೆಯರೂ ಒಟ್ಟಿಗೆ ಕೂತು ಚರ್ಚಿಸಿದರೆ, ನಮ್ಮ ಸಾಹಿತ್ಯಸಂಘದ ಒಂದು ಸಂಜೆಗೆ ಅದು ತಕ್ಕ ವಿಷಯ.